ಕಾಯಿಲೆಯ ಜೊತೆಗೇ ತೂಕ ಇಳಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಥೈರಾಯ್ಡ್, ಸಕ್ಕರೆ ಕಾಯಿಲೆ, ಸಂಧಿವಾತ, ಪಿಸಿಒಎಸ್ (ಹೆಂಗಸರಲ್ಲಿ ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ), ಕಿಡ್ನಿ ತೊಂದರೆ, ಖಿನ್ನತೆ. ಇವುಗಳಲ್ಲಿ ಒಂದೋ ಎರಡೋ ಇರುವವರು ತೂಕದ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ. ಗಟ್ಟಿಮುಟ್ಟಾಗಿರುವವರಿಗೆ ಕೊಡುವ ಸಲಹೆಯನ್ನೇ ಇವರಿಗೂ ಕೊಟ್ಟರೆ ಎಷ್ಟೋ ಸಲ ಪ್ರಯೋಜನವಾಗುವುದಿಲ್ಲ, ಕೆಲವು ಸಲ ಅಪಾಯವೇ ಆಗುತ್ತದೆ. ಅದಕ್ಕೇ ನಾವು ಹೇಳುವ ಕ್ರಮ ಬೇರೆ: ಮೊದಲು ಮಾತ್ರೆ ಚೀಟಿ ನೋಡಿ, ಆಮೇಲೆ ತಟ್ಟೆ, ಆಮೇಲೆ ನಡಿಗೆ.

ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ತಿನ್ನುವವಳು ನಾನೇ. ಆದರೂ ತೂಕ ಇಳಿಯುವುದಿಲ್ಲ, ಯಾಕೆ?

ಕಾರಣಗಳು ಒಂದರ ಮೇಲೊಂದು ಕೂತಿರುತ್ತವೆ. ನೋವು, ಸುಸ್ತು ಇದ್ದಾಗ ದಿನದ ಓಡಾಟ ಗೊತ್ತಿಲ್ಲದಂತೆ ಕಡಿಮೆಯಾಗುತ್ತದೆ. ಮಹಡಿ ಹತ್ತುವುದು ತಪ್ಪುತ್ತದೆ, ಅಂಗಡಿಗೆ ಮಗನನ್ನು ಕಳಿಸುತ್ತೀರಿ, ಕೂತೇ ತರಕಾರಿ ಹೆಚ್ಚುತ್ತೀರಿ. ತಿಂಗಳುಗಟ್ಟಲೆ ಹೀಗಾದರೆ ಸ್ನಾಯು ಕರಗುತ್ತದೆ, ದೇಹಕ್ಕೆ ಬೇಕಾಗುವ ಕ್ಯಾಲೊರಿಯೇ ಇಳಿಯುತ್ತದೆ. ರಾತ್ರಿ ನೋವಿನಿಂದಲೋ ಗೊರಕೆಯಿಂದಲೋ ನಿದ್ದೆ ಕೆಟ್ಟರೆ ಮರುದಿನ ಹಸಿವು ಹೆಚ್ಚು, ಅದರಲ್ಲೂ ಸಿಹಿ ಮತ್ತು ಕರಿದದ್ದರ ಮೇಲೆ ಆಸೆ. ಇದೆಲ್ಲದರ ಮೇಲೆ ಮಾತ್ರೆಗಳ ಪ್ರಭಾವ. ಇದನ್ನು ನಿಮ್ಮ ಮನಸ್ಸಿನ ದೌರ್ಬಲ್ಯ ಎಂದು ಯಾರಾದರೂ ಅಂದರೆ ಅದು ತಪ್ಪು.

ತೂಕ ಏರಿಸುವ ಮಾತ್ರೆಗಳು ಯಾವುವು?

ಮಾತ್ರೆ ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರನ್ನು ಓದಿ. ಕಂಪನಿ ಇಟ್ಟ ಹೆಸರು ಬೇರೆ ಬೇರೆ ಇದ್ದರೂ ಒಳಗಿನ ಔಷಧ ಒಂದೇ ಇರಬಹುದು.

ಸ್ಟೆರಾಯ್ಡ್‌ಗಳು, ಅಂದರೆ ಪ್ರೆಡ್ನಿಸೊಲೋನ್, ಡೆಫ್ಲಾಜಾಕಾರ್ಟ್ ಮುಂತಾದವು, ಹಸಿವನ್ನು ಕೆರಳಿಸುತ್ತವೆ, ಉಪ್ಪನ್ನೂ ನೀರನ್ನೂ ಹಿಡಿದಿಡುತ್ತವೆ, ಕೊಬ್ಬನ್ನು ಮುಖ, ಹೊಟ್ಟೆ, ಕತ್ತಿನ ಹಿಂಭಾಗಕ್ಕೆ ಸಾಗಿಸುತ್ತವೆ, ತೊಡೆಯ ಸ್ನಾಯುವನ್ನು ಕರಗಿಸುತ್ತವೆ. ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್, ಗ್ಲಿಮೆಪಿರೈಡ್, ಪಯೋಗ್ಲಿಟಜೋನ್ ತೂಕ ಏರಿಸುವ ಗುಂಪಿನವು. ಮೆಟ್‌ಫಾರ್ಮಿನ್, ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ಏರಿಸುವುದಿಲ್ಲ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎರಡು ಮೂರು ಕಿಲೋ ಇಳಿಸುವುದೂ ಉಂಟು. ಮನಸ್ಸಿನ ಕಾಯಿಲೆಗೆ ಕೊಡುವ ಒಲಾಂಜಪಿನ್, ಕ್ಲೋಜಪಿನ್, ಕ್ವೆಟಿಯಾಪಿನ್, ಮಿರ್ಟಜಪಿನ್; ಮೂರ್ಛೆರೋಗದ ವಾಲ್‌ಪ್ರೋಯೇಟ್; ನರದ ನೋವಿಗೆ ಬರೆಯುವ ಪ್ರಿಗಾಬಲಿನ್, ಗಾಬಾಪೆಂಟಿನ್, ಅಮಿಟ್ರಿಪ್ಟಿಲಿನ್ ಇವೂ ಏರಿಸುತ್ತವೆ. ಬಿಪಿಗೆ ಕೊಡುವ ಅಟೆನೊಲಾಲ್, ಮೈಗ್ರೇನಿಗೆ ಕೊಡುವ ಪ್ರೊಪ್ರನೊಲಾಲ್‌ನ ಪರಿಣಾಮ ಸಣ್ಣದು, ಸುಮಾರು ಒಂದು ಕಿಲೋ.

ಮಾತ್ರೆ ಶುರುವಾದ ತಾರೀಖು, ತೂಕ ಏರತೊಡಗಿದ ತಿಂಗಳು, ಎರಡನ್ನೂ ಒಂದು ಹಾಳೆಯಲ್ಲಿ ಪಕ್ಕಪಕ್ಕ ಬರೆಯಿರಿ. ಎಷ್ಟೋ ಸಲ ಉತ್ತರ ಅಲ್ಲೇ ಸಿಗುತ್ತದೆ.

ಹಾಗಾದರೆ ಆ ಮಾತ್ರೆ ನಿಲ್ಲಿಸಿಬಿಡಲೇ?

ಬೇಡ. ಮೂರು ವಾರಕ್ಕಿಂತ ಹೆಚ್ಚು ಕಾಲ ಸ್ಟೆರಾಯ್ಡ್ ತೆಗೆದುಕೊಂಡಿದ್ದರೆ ದೇಹ ತನ್ನದೇ ಸ್ಟೆರಾಯ್ಡ್ ಮಾಡುವುದನ್ನು ಕಡಿಮೆ ಮಾಡಿರುತ್ತದೆ. ತಟ್ಟನೆ ನಿಲ್ಲಿಸಿದರೆ ಬಿಪಿ ಕುಸಿದು, ವಾಂತಿಯಾಗಿ, ಜೀವಕ್ಕೇ ಅಪಾಯವಾಗಬಹುದು. ಮೂರ್ಛೆರೋಗದ ಮಾತ್ರೆ ನಿಲ್ಲಿಸಿದರೆ ಫಿಟ್ಸ್ ಮರುಕಳಿಸುತ್ತದೆ, ಅಟೆನೊಲಾಲ್ ನಿಲ್ಲಿಸಿದರೆ ಎದೆಬಡಿತ ಏರುತ್ತದೆ. ಡಾಕ್ಟರನ್ನು ಕೇಳಬೇಕಾದದ್ದು ಹೀಗೆ: "ಇದರ ಬದಲಿಗೆ ತೂಕ ಏರಿಸದ ಔಷಧ ನನಗೆ ಆಗುತ್ತದೆಯೇ? ಇಲ್ಲದಿದ್ದರೆ ಡೋಸ್ ಮೆಲ್ಲಗೆ ಇಳಿಸಬಹುದೇ?" ಕೆಲವರಿಗೆ ಬದಲಿ ಸಿಗುತ್ತದೆ, ಕೆಲವರಿಗೆ ಸಿಗುವುದಿಲ್ಲ. ಸಿಗದಿದ್ದರೆ ಆ ಮಾತ್ರೆ ಇರುವಷ್ಟು ಕಾಲ ತೂಕ ಏರದಂತೆ ಹಿಡಿದಿಡುವುದೇ ದೊಡ್ಡ ಗೆಲುವು.

ಥೈರಾಯ್ಡ್ ಮಾತ್ರೆ ದಿನಾ ನುಂಗುತ್ತೇನೆ. ತೂಕ ಯಾಕೆ ಕರಗಲಿಲ್ಲ?

ಥೈರಾಯ್ಡ್ ಕಡಿಮೆಯಾಗಿದ್ದರಿಂದಲೇ ಏರುವ ತೂಕ ಸಾಮಾನ್ಯವಾಗಿ 2ರಿಂದ 5 ಕಿಲೋ ಮಾತ್ರ, ಅದರಲ್ಲೂ ಹೆಚ್ಚಿನ ಪಾಲು ನೀರು ಮತ್ತು ಉಪ್ಪು. ಮಾತ್ರೆಯಿಂದ ಇಳಿಯುವುದೂ ಅಷ್ಟೇ. 15 ಕಿಲೋ ಹೆಚ್ಚಿದ್ದರೆ ಉಳಿದದ್ದಕ್ಕೆ ಬೇರೆ ಕಾರಣ ಹುಡುಕಬೇಕು. ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆಯ ಅಂಕಿ) ಸರಿಯಿದ್ದಾಗ ತೂಕ ಇಳಿಸಲೆಂದು ಡೋಸ್ ಏರಿಸಿಕೊಂಡರೆ ಎದೆಬಡಿತ ತಪ್ಪುತ್ತದೆ, ಮೂಳೆ ಸವೆಯುತ್ತದೆ.

ಆದರೆ ನುಂಗಿದ ಮಾತ್ರೆ ಮೈಗೆ ಹತ್ತುತ್ತಿದೆಯೇ ಎಂದು ಮೊದಲು ನೋಡಿ. ನಮ್ಮ ಕಡೆ ಹೆಚ್ಚಾಗಿ ಆಗುವ ತಪ್ಪು ಇದು: ಬೆಳಿಗ್ಗೆ ಮಾತ್ರೆ, ಐದೇ ನಿಮಿಷಕ್ಕೆ ಫಿಲ್ಟರ್ ಕಾಫಿ ಅಥವಾ ಹಾಲು ಹಾಕಿದ ರಾಗಿ ಗಂಜಿ. ಕಾಫಿಯೂ, ಹಾಲು ಮತ್ತು ರಾಗಿಯಲ್ಲಿರುವ ಕ್ಯಾಲ್ಸಿಯಂ ಕೂಡ ಮಾತ್ರೆ ಹೀರಿಕೆಯಾಗದಂತೆ ತಡೆಯುತ್ತವೆ. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ, 30ರಿಂದ 60 ನಿಮಿಷ ಬಿಟ್ಟು ಕಾಫಿ ಕುಡಿಯಿರಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಇರಲಿ. ಬೆಳಿಗ್ಗೆ ಇದು ಆಗುವುದೇ ಇಲ್ಲ ಎನ್ನುವವರು ರಾತ್ರಿ ಊಟವಾಗಿ ಮೂರು ನಾಲ್ಕು ಗಂಟೆಯ ಮೇಲೆ, ಮಲಗುವ ಮುನ್ನ ತೆಗೆದುಕೊಳ್ಳಬಹುದು. ಮಾತ್ರೆಯನ್ನು ಅದರ ಬಾಟಲಿಯಲ್ಲೇ ಇಡಿ, ಬಿಸಿಲು ಮತ್ತು ತೇವ ಅದಕ್ಕೆ ಆಗದು. ಕೂದಲಿಗೆಂದು ಬಯೋಟಿನ್ ನುಂಗುತ್ತಿದ್ದರೆ ರಕ್ತ ಪರೀಕ್ಷೆಗೆ ಎರಡು ದಿನ ಮೊದಲೇ ನಿಲ್ಲಿಸಿ, ಇಲ್ಲದಿದ್ದರೆ ವರದಿ ತಪ್ಪು ಬರಬಹುದು. ಡೋಸ್ ಬದಲಾದ ಮೇಲೆ 6ರಿಂದ 8 ವಾರ ಬಿಟ್ಟು ಮತ್ತೆ ಪರೀಕ್ಷೆ.

ಸಕ್ಕರೆ ಹತೋಟಿಗೆ ಬಂತು, ತೂಕ ಏರಿತು. ಇದೆಂಥ ಲೆಕ್ಕ?

ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದಾಗ ಅದು ಮೂತ್ರದಲ್ಲಿ ಸೋರತೊಡಗುತ್ತದೆ. ದಿನಕ್ಕೆ 50 ಗ್ರಾಂ ಹೋದರೂ 200 ಕ್ಯಾಲೊರಿ ನಷ್ಟ. ಇನ್ಸುಲಿನ್ ಅಥವಾ ಮಾತ್ರೆಯಿಂದ ಆ ಸೋರಿಕೆ ನಿಂತಾಗ ತಿಂದದ್ದೆಲ್ಲ ಮೈಗೆ ಹತ್ತುತ್ತದೆ. ಊಟ ಮೊದಲಿನಷ್ಟೇ ಇದ್ದರೂ ತೂಕ ಏರುವುದು ಇದಕ್ಕೇ.

ಇನ್ನೊಂದು ಕಾರಣ, ಲೋ ಶುಗರ್. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಡೋಸ್ ಮೊದಲಿನಷ್ಟೇ ಇಟ್ಟುಕೊಂಡು ಊಟ ಅರ್ಧ ಮಾಡಿದರೆ ಸಕ್ಕರೆ 70ಕ್ಕಿಂತ ಕೆಳಗಿಳಿಯುತ್ತದೆ. ಬೆವರು, ನಡುಕ, ಗಾಬರಿ. ಆಗ ಕೈಗೆ ಸಿಕ್ಕಿದ್ದೆಲ್ಲ ತಿನ್ನುವಂತಾಗುತ್ತದೆ, ಉಳಿಸಿದ ಕ್ಯಾಲೊರಿಯ ಎರಡರಷ್ಟು ಒಳಗೆ ಹೋಗುತ್ತದೆ. ಆದ್ದರಿಂದ ಊಟ ಕಡಿಮೆ ಮಾಡುವ ವಾರವೇ ಡಾಕ್ಟರಿಗೆ ಹೇಳಿ ಡೋಸ್ ಹೊಂದಿಸಿಕೊಳ್ಳಿ. ಲೋ ಆದಾಗ ಮೂರು ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕಲಸಿ ಕುಡಿಯಿರಿ, 15 ನಿಮಿಷ ಕಾದು ಮತ್ತೆ ಪರೀಕ್ಷಿಸಿ. ಲಾಡು, ಚಾಕೊಲೇಟ್ ಬೇಡ, ಅವುಗಳ ಕೊಬ್ಬು ಸಕ್ಕರೆ ಏರುವುದನ್ನು ನಿಧಾನ ಮಾಡುತ್ತದೆ. ನಿಮ್ಮ ಮಾತ್ರೆಯಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಸೇರಿದ್ದರೆ ಅಡುಗೆಮನೆಯ ಸಕ್ಕರೆಯೂ ಬೇಗ ಕೆಲಸ ಮಾಡುವುದಿಲ್ಲ. ಗ್ಲೂಕೋಸ್ ಪುಡಿಯೇ ಬೇಕು. ಇದನ್ನು ಮನೆಯವರಿಗೂ ತಿಳಿಸಿಡಿ.

ತೂಕ ಇಳಿಸಿದರೆ ಸಕ್ಕರೆ ಕಾಯಿಲೆ ಹೋಗಿಯೇಬಿಡುತ್ತದಂತೆ, ನಿಜವೇ?

ಕೆಲವರಲ್ಲಿ ಮಾತ್ರೆಯಿಲ್ಲದೆ ಸಕ್ಕರೆ ಸರಿಯಾಗಿರುವ ಸ್ಥಿತಿ ಬರುತ್ತದೆ. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ, ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದವರ ಪೈಕಿ 46 ಶೇಕಡಾ ಮಂದಿಗೆ ಒಂದು ವರ್ಷದಲ್ಲಿ ಹೀಗಾಯಿತು. 15 ಕಿಲೋ ಅಥವಾ ಹೆಚ್ಚು ಇಳಿಸಿದವರಲ್ಲಿ 86 ಶೇಕಡಾ. ಆದರೆ ಅವರೆಲ್ಲ ಕಾಯಿಲೆ ಬಂದು ಆರು ವರ್ಷದೊಳಗಿನವರು, ಇನ್ಸುಲಿನ್ ಇಲ್ಲದವರು, ವೈದ್ಯರ ನಿಗಾದಲ್ಲಿ ದಿನಕ್ಕೆ 850ರ ಆಸುಪಾಸಿನ ಕ್ಯಾಲೊರಿಯಲ್ಲಿದ್ದವರು. ಮನೆಯಲ್ಲಿ ನಿಮ್ಮಷ್ಟಕ್ಕೇ ಇದನ್ನು ಮಾಡಬೇಡಿ. ತೂಕ ಮರಳಿದರೆ ಸಕ್ಕರೆಯೂ ಮರಳುತ್ತದೆ.

ಎಷ್ಟು ಇಳಿಸಿದರೆ ಸಾಕು?

ಈಗಿನ ತೂಕದ 5ರಿಂದ 10 ಶೇಕಡಾ, ಅದೂ ಆರು ತಿಂಗಳಲ್ಲಿ. 80 ಕಿಲೋ ಇದ್ದರೆ 4ರಿಂದ 8 ಕಿಲೋ. ಅಷ್ಟಕ್ಕೇ ಬಿಪಿ, ಸಕ್ಕರೆ, ಲಿವರ್ ಕೊಬ್ಬು ಸುಧಾರಿಸುತ್ತವೆ. ಪಿಸಿಒಎಸ್ ಇರುವವರಲ್ಲಿ ಮುಟ್ಟು ಕ್ರಮಕ್ಕೆ ಬರುವುದುಂಟು. ಮೊಣಕಾಲಿಗಂತೂ ಲಾಭ ದೊಡ್ಡದು, ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಸುಮಾರು ನಾಲ್ಕು ಕಿಲೋ ಭಾರ ತಪ್ಪುತ್ತದೆ. ತಿಂಗಳಿಗೆ ಒಂದರಿಂದ ಎರಡು ಕಿಲೋ ಇಳಿದರೆ ಅದೇ ಸರಿಯಾದ ವೇಗ. ಅವಸರ ಮಾಡಿದರೆ ಸ್ನಾಯು ಹೋಗುತ್ತದೆ, ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವ ಹೆಚ್ಚುತ್ತದೆ.

ನಮ್ಮ ದೇಶದವರಿಗೆ ಬಿಎಂಐ (ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿ) 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಒಳಗಿರಬೇಕು. ಟೈಲರ್ ಟೇಪನ್ನು ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಸುತ್ತಿ, ಉಸಿರು ಬಿಟ್ಟು ಅಳೆಯಿರಿ.

ಅನ್ನ ಬಿಟ್ಟು ಮುದ್ದೆ, ಚಪಾತಿ ತಿಂದರೆ ಆಯಿತೇ?

ಧಾನ್ಯ ಬದಲಿಸಿದ ಮಾತ್ರಕ್ಕೆ ತೂಕ ಇಳಿಯುವುದಿಲ್ಲ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 355 ಕ್ಯಾಲೊರಿ, ಅಷ್ಟೇ ರಾಗಿಯಲ್ಲಿ 320, ಜೋಳದಲ್ಲಿ 335. ವ್ಯತ್ಯಾಸ ಸಣ್ಣದು. ರಾಗಿಯಲ್ಲಿ ನಾರು 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ ಮೂರಕ್ಕಿಂತ ಕಡಿಮೆ; ಹೊಟ್ಟೆ ತುಂಬಿದ ಹಾಗೆ ಅನಿಸುವುದು ಅದರಿಂದ. ಆದರೆ ಎರಡು ಮುದ್ದೆಯ ಮೇಲೆ ಮತ್ತೆ ಅನ್ನ ಉಂಡರೆ ಆ ಲಾಭವೂ ಹೋಯಿತು. ಒಂದು ಹೊತ್ತಿಗೆ ಒಂದೇ ಧಾನ್ಯ ಎಂದು ಇಟ್ಟುಕೊಳ್ಳಿ: 75 ಗ್ರಾಂ ಹಿಟ್ಟಿನ ಒಂದು ಮುದ್ದೆ, ಅಥವಾ ಎರಡು ತೆಳು ಜೋಳದ ರೊಟ್ಟಿ, ಅಥವಾ ಒಂದು ಬಟ್ಟಲು ಅನ್ನ.

ತಟ್ಟೆಯಲ್ಲಿ ಬಡಿಸುವ ಕ್ರಮ ಬದಲಿಸುವುದೇ ಹೆಚ್ಚು ಫಲ ಕೊಡುತ್ತದೆ. ನಮ್ಮಲ್ಲಿ ಅನ್ನ ನಡುವೆ, ಪಲ್ಯ ತುದಿಗೆ ಒಂದು ಚಮಚ. ಅದನ್ನು ತಿರುಗಿಸಿ. ಅರ್ಧ ತಟ್ಟೆ ಪಲ್ಯ, ಕೋಸಂಬರಿ, ಸೊಪ್ಪು; ಕಾಲು ಭಾಗ ಕಾಳು, ಗಟ್ಟಿ ಬೇಳೆ, ಮೊಟ್ಟೆ ಅಥವಾ ಮೀನು; ಉಳಿದ ಕಾಲು ಭಾಗ ಅನ್ನ ಅಥವಾ ಮುದ್ದೆ. ಮೊದಲು ಕೋಸಂಬರಿ, ಪಲ್ಯ ತಿಂದು ಆಮೇಲೆ ಅನ್ನಕ್ಕೆ ಕೈ ಹಾಕಿ. ಊಟವಾದ ಮೇಲಿನ ಸಕ್ಕರೆಯೂ ಕಡಿಮೆ ಏರುತ್ತದೆ.

ಕಣ್ಣಿಗೆ ಕಾಣದ ಕ್ಯಾಲೊರಿ ಎಲ್ಲಿರುತ್ತದೆ?

ಎಣ್ಣೆಯಲ್ಲಿ. ಒಂದು ಚಿಕ್ಕ ಚಮಚ ಅಂದರೆ 5 ಗ್ರಾಂ, 45 ಕ್ಯಾಲೊರಿ. ಒಗ್ಗರಣೆಗೆ ಬಾಟಲಿಯಿಂದ ನೇರ ಸುರಿದರೆ ನಾಲ್ಕು ಚಮಚ ಸುಲಭವಾಗಿ ಬೀಳುತ್ತದೆ. ತಿಂಗಳಿಗೆ ತಲೆಗೆ ಅರ್ಧ ಲೀಟರ್ ಎಂದು ಲೆಕ್ಕ ಹಾಕಿ ತನ್ನಿ, ನಾಲ್ಕು ಜನರ ಮನೆಗೆ ಎರಡು ಲೀಟರ್. ಹಬ್ಬಕ್ಕೆ ಕರಿಯುವುದೂ ಅದರಲ್ಲೇ ಆಗಬೇಕು. ತೆಂಗಿನಕಾಯಿ 30 ಗ್ರಾಂಗೆ ಸುಮಾರು 100 ಕ್ಯಾಲೊರಿ, ಕಡಲೆಕಾಯಿ ಬೀಜ 30 ಗ್ರಾಂಗೆ 170. ಎರಡು ಚಮಚ ಸಕ್ಕರೆಯ ಒಂದು ಲೋಟ ಹಾಲಿನ ಕಾಫಿ ಸುಮಾರು 100. ದಿನಕ್ಕೆ ನಾಲ್ಕಾದರೆ 400, ಅಂದರೆ ಒಂದು ಹೊತ್ತಿನ ಊಟ. ಬಿಸಿನೀರಿಗೆ ದೊಡ್ಡ ಚಮಚ ಜೇನು ಹಾಕಿ ಕುಡಿದರೆ 60 ಕ್ಯಾಲೊರಿ ಸೇರಿತೇ ಹೊರತು ಯಾವ ಕೊಬ್ಬೂ ಕರಗಲಿಲ್ಲ.

ಪ್ರೋಟೀನ್ ಎಷ್ಟು ಬೇಕು? ನಾವು ಸಸ್ಯಾಹಾರಿಗಳು.

ಕಿಡ್ನಿ ಸರಿಯಿದ್ದರೆ ಕಿಲೋ ತೂಕಕ್ಕೆ ಒಂದು ಗ್ರಾಂನಷ್ಟು. ಸ್ಟೆರಾಯ್ಡ್ ತೆಗೆದುಕೊಳ್ಳುವವರಿಗೂ 60 ದಾಟಿದವರಿಗೂ ಇದು ಬಹಳ ಮುಖ್ಯ, ಇಲ್ಲದಿದ್ದರೆ ಇಳಿಯುವುದು ಸ್ನಾಯುವೇ. ತಿಳಿ ಸಾರಿನಲ್ಲಿ ಬೇಳೆ ಹೆಸರಿಗೆ ಮಾತ್ರ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. 30 ಗ್ರಾಂ ಒಣ ಬೇಳೆ ಅಥವಾ ಕಾಳಿನಲ್ಲಿ 6ರಿಂದ 7 ಗ್ರಾಂ, ಒಂದು ದೊಡ್ಡ ಬಟ್ಟಲು ಮೊಸರಿನಲ್ಲಿ 6, 30 ಗ್ರಾಂ ಸೋಯಾ ತುಣುಕಿನಲ್ಲಿ 15. ಬೆಳಿಗ್ಗೆ ಹೆಸರುಕಾಳಿನ ದೋಸೆ, ಮಧ್ಯಾಹ್ನ ಹುರುಳಿ ಅಥವಾ ಅಲಸಂದೆ ಪಲ್ಯ ಮತ್ತು ಮೊಸರು, ರಾತ್ರಿ ಗಟ್ಟಿ ಬೇಳೆ ಹೀಗೆ ಹಂಚಿಕೊಳ್ಳಿ. ಮೊಟ್ಟೆ ತಿನ್ನುವವರಿಗೆ ಒಂದಕ್ಕೆ 6 ಗ್ರಾಂ.

ಕಿಡ್ನಿ ತೊಂದರೆ ಇದೆ. ಇದೇ ಪಥ್ಯ ಮಾಡಬಹುದೇ?

ಇಲ್ಲ. ಮೇಲಿನ ಪ್ರೋಟೀನ್ ಲೆಕ್ಕ ನಿಮಗಲ್ಲ, ನಿಮ್ಮ ಕಿಡ್ನಿ ತಜ್ಞರು ಹೇಳಿದ ಲೆಕ್ಕವೇ ಸರಿ. ತೂಕ ಇಳಿಸಲೆಂದು ಕುಡಿಯುವ ಸೊಪ್ಪಿನ ಜ್ಯೂಸ್, ಎಳನೀರು, ಬಾಳೆದಿಂಡಿನ ರಸ ಪೊಟ್ಯಾಸಿಯಂ ಏರಿಸಿ ಹೃದಯ ಬಡಿತವನ್ನೇ ಕೆಡಿಸಬಹುದು. ಬಿಪಿಗೆ ಒಳ್ಳೆಯದೆಂದು ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲಿರುವುದು ಪೊಟ್ಯಾಸಿಯಂ ಕ್ಲೋರೈಡ್. ನಿಮಗೆ ಅದೂ ಅಪಾಯ. ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿಯಿರಿ ಎಂಬ ಸಲಹೆ ಡಯಾಲಿಸಿಸ್‌ನಲ್ಲಿ ಇರುವವರಿಗೂ ಹೃದಯ ದುರ್ಬಲ ಇರುವವರಿಗೂ ಸಲ್ಲದು.

ಮಂಡಿ ನೋವು, ಮೈಯೆಲ್ಲ ಸುಸ್ತು. ವ್ಯಾಯಾಮ ಹೇಗೆ ಮಾಡಲಿ?

ವಾರಕ್ಕೆ 150 ನಿಮಿಷ ಎಂಬ ಗುರಿಯನ್ನು ಸದ್ಯ ಬದಿಗಿಡಿ. ಮೂರು ಊಟದ ನಂತರ ಹತ್ತು ಹತ್ತು ನಿಮಿಷ ಮನೆಯೊಳಗೇ ಮೆಲ್ಲಗೆ ನಡೆಯಿರಿ. ಹತ್ತು ಆಗದಿದ್ದರೆ ಮೂರು ನಿಮಿಷದಿಂದ ಶುರುಮಾಡಿ, ವಾರಕ್ಕೆ ಒಂದೇ ನಿಮಿಷ ಏರಿಸಿ.

ಇದರ ಜೊತೆ ಕಾಲಿನ ಬಲಕ್ಕೆ ಒಂದು ಕೆಲಸ. ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯಲ್ಲಿ ಕೂತು, ಆದರೆ ಕೈ ಊರದೆ, ಎದ್ದು ನಿಂತು ನಿಧಾನ ಕೂರಿ. ಐದು ಸಲ, ದಿನಕ್ಕೆ ಎರಡು ಬಾರಿ. ನೋವಿದ್ದರೆ ಕುರ್ಚಿಯ ಮೇಲೆ ಗಟ್ಟಿ ದಿಂಬಿಟ್ಟು ಎತ್ತರ ಮಾಡಿಕೊಳ್ಳಿ. ಕೂತಲ್ಲೇ ಒಂದು ಕಾಲನ್ನು ನೇರ ಚಾಚಿ ಐದು ಎಣಿಸುವಷ್ಟು ಹೊತ್ತು ಹಿಡಿಯುವುದೂ ತೊಡೆಗೆ ಒಳ್ಳೆಯದು. ರುಮಟಾಯ್ಡ್ ಸಂಧಿವಾತ ಇರುವವರಿಗೆ ಬೆಳಗಿನ ಬಿಗಿತ ಬಿಟ್ಟ ಮೇಲೆ, ಮಧ್ಯಾಹ್ನವೋ ಸಂಜೆಯೋ ಸರಿಯಾದ ಹೊತ್ತು; ಕೀಲು ಊದಿ ಬಿಸಿಯಾಗಿದ್ದ ದಿನ ಆ ಕೀಲಿಗೆ ರಜೆ. ವ್ಯಾಯಾಮ ಮಾಡಿದ ಎರಡು ಗಂಟೆ ಮೇಲೂ ನೋವು ಮೊದಲಿಗಿಂತ ಹೆಚ್ಚಿದ್ದರೆ ಮುಂದಿನ ಸಲ ಅರ್ಧ ಮಾಡಿ. ನಡೆಯಬೇಕೆಂದು ದಿನಾ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ನುಂಗುವುದು ಬೇಡವೇ ಬೇಡ, ಕಿಡ್ನಿ ಮತ್ತು ಹೊಟ್ಟೆ ಎರಡಕ್ಕೂ ಪೆಟ್ಟು.

ಸ್ವಲ್ಪ ದುಡಿದರೂ ಮರುದಿನ, ಅದರ ಮರುದಿನ ಹಾಸಿಗೆ ಹಿಡಿಯುವಂತಾಗುವವರು ಹಟ ಮಾಡಿ ಏರಿಸಬೇಡಿ. ಅವರಿಗೆ ಬೇಕಾದದ್ದು ಶಕ್ತಿಯನ್ನು ಹಂಚಿ ಬಳಸುವುದು. ಸುಸ್ತಿಗೆ ಹಿಮೋಗ್ಲೋಬಿನ್, ವಿಟಮಿನ್ ಡಿ, ಬಿ12 ನೋಡಿಸಿ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಇಳಿಯುತ್ತದೆ. ಜೋರು ಗೊರಕೆ, ಹಗಲು ತೂಕಡಿಕೆ ಇದ್ದರೆ ನಿದ್ದೆಯ ಪರೀಕ್ಷೆ ಮಾಡಿಸಿ.

ಅರ್ಧ ಗಂಟೆ ನಡಿಗೆಗೆ ಖರ್ಚಾಗುವುದು ನೂರು ಚಿಲ್ಲರೆ ಕ್ಯಾಲೊರಿ ಮಾತ್ರ. ತೂಕ ಇಳಿಸುವುದು ತಟ್ಟೆ; ನಡಿಗೆ ಸ್ನಾಯುವನ್ನೂ ನಿದ್ದೆಯನ್ನೂ ಮನಸ್ಸನ್ನೂ ಕಾಪಾಡುತ್ತದೆ.

ಶನಿವಾರ ಒಪ್ಪೊತ್ತು, ಏಕಾದಶಿಗೆ ಉಪವಾಸ ಇದೆ. ಅದರಿಂದ ಇಳಿಯಬೇಕಲ್ಲ?

ಒಪ್ಪೊತ್ತಿನ ರಾತ್ರಿ ಅನ್ನದ ಬದಲು ಉಪ್ಪಿಟ್ಟು, ಅವಲಕ್ಕಿ, ಸಬ್ಬಕ್ಕಿ ತಿಂದರೆ ಎಣ್ಣೆ ಸೇರಿ ಕ್ಯಾಲೊರಿ ಅನ್ನಕ್ಕಿಂತ ಹೆಚ್ಚೇ ಆಗಬಹುದು. ಸಬ್ಬಕ್ಕಿ ಅಪ್ಪಟ ಪಿಷ್ಟ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಇರುವವರು ಡೋಸ್ ಬದಲಿಸದೆ ಉಪವಾಸ ಕೂರಬಾರದು. ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ನುಂಗಿ ನಿರಾಹಾರ ಮಾಡಿದರೆ, ಸಕ್ಕರೆ ಅಷ್ಟೇನೂ ಏರದಿದ್ದರೂ ರಕ್ತ ಆಮ್ಲೀಯವಾಗುವ ಅಪಾಯವಿದೆ. ವಾಂತಿ, ಹೊಟ್ಟೆನೋವು, ಜೋರು ಉಸಿರು ಕಂಡರೆ ಆಸ್ಪತ್ರೆಗೆ ಹೋಗಿ.

ಉಪ್ಪಾಗೆ ಕ್ಯಾಪ್ಸೂಲ್, ಹಳ್ಳಿ ಔಷಧದ ಪುಡಿ ಕೆಲಸ ಮಾಡುತ್ತವೆಯೇ?

ಶಿರಸಿ, ಸಿದ್ದಾಪುರದ ಕಡೆಯ ಉಪ್ಪಾಗೆ ಹುಳಿ ಮೀನು ಸಾರಿಗೆ ಸೊಗಸು. ಅದರ ಸತ್ವವನ್ನು ಗಾರ್ಸಿನಿಯಾ ಎಂಬ ಹೆಸರಿನಲ್ಲಿ ಕ್ಯಾಪ್ಸೂಲ್ ಮಾಡಿ ಮಾರುತ್ತಾರೆ. ತೂಕದ ಮೇಲೆ ಅದರ ಪರಿಣಾಮ ಅತ್ಯಲ್ಪ; ಲಿವರ್‌ಗೆ ಪೆಟ್ಟಾದ ಪ್ರಕರಣಗಳು ದಾಖಲಾಗಿವೆ. ಇನ್ನು ಲೇಬಲ್ ಇಲ್ಲದ ಪುಡಿ. ಕೀಲುನೋವಿಗೆ ಎರಡೇ ದಿನದಲ್ಲಿ ಆರಾಮ ಕೊಟ್ಟು, ಮುಖ ಊದಿಸಿ, ಹಸಿವು ಹೆಚ್ಚಿಸಿದ ಪುಡಿಯಲ್ಲಿ ಸ್ಟೆರಾಯ್ಡ್ ಬೆರೆತಿರುವ ಅನುಮಾನ ಪಡಬೇಕು. ಇಂಥ ಬೆರಕೆ ಪತ್ತೆಯಾದದ್ದು ಹೊಸದಲ್ಲ. ಅದನ್ನೂ ತಟ್ಟನೆ ಬಿಡಬೇಡಿ, ಪೊಟ್ಟಣ ಹಿಡಿದು ಡಾಕ್ಟರ ಬಳಿ ಹೋಗಿ.

ತೂಕ ಇಳಿಸುವ ವಾರಕ್ಕೊಂದು ಇಂಜೆಕ್ಷನ್ ಹೇಗೆ?

ಟಿರ್ಜೆಪಟೈಡ್ ಔಷಧ ಮೌಂಜಾರೋ ಹೆಸರಲ್ಲಿ 2025ರ ಮಾರ್ಚಿನಲ್ಲಿ, ಸೆಮಾಗ್ಲುಟೈಡ್ ಔಷಧ ವಿಗೋವಿ ಹೆಸರಲ್ಲಿ ಅದೇ ಜೂನಿನಲ್ಲಿ ಭಾರತಕ್ಕೆ ಬಂದವು. ಇವು ನಿಜಕ್ಕೂ ಕೆಲಸ ಮಾಡುತ್ತವೆ. ಸೆಮಾಗ್ಲುಟೈಡ್ ಪೂರ್ಣ ಡೋಸಿನಲ್ಲಿ ಒಂದೂಕಾಲು ವರ್ಷದಲ್ಲಿ ಸರಾಸರಿ 15 ಶೇಕಡಾ ತೂಕ ಇಳಿಸುತ್ತದೆ, ಸಕ್ಕರೆ ಕಾಯಿಲೆ ಇರುವವರಲ್ಲಿ 10ರ ಹತ್ತಿರ. ನಿಲ್ಲಿಸಿದರೆ ಇಳಿದದ್ದರಲ್ಲಿ ಮೂರನೇ ಎರಡು ಪಾಲು ಒಂದು ವರ್ಷದೊಳಗೆ ಮರಳುತ್ತದೆ. ಮೊದಲ ವಾರಗಳಲ್ಲಿ ಹೊಟ್ಟೆ ತೊಳಸು, ವಾಂತಿ, ಮಲಬದ್ಧತೆ. ಹೆಚ್ಚು ವಾಂತಿಯಾದರೆ ನೀರಿನಂಶ ಕುಸಿದು ಕಿಡ್ನಿಗೆ ತೊಂದರೆ. ಮೇದೋಜೀರಕದ ಉರಿಯೂತ ಆಗಿದ್ದವರು, ಮನೆಯಲ್ಲಿ ಯಾರಿಗಾದರೂ ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ ಬಂದಿರುವವರು, ಗರ್ಭಿಣಿಯಾಗುವ ಯೋಚನೆಯಲ್ಲಿರುವವರು ಮೊದಲೇ ಹೇಳಬೇಕು. ಸಕ್ಕರೆ ಕಾಯಿಲೆಯವರು ಕಣ್ಣಿನ ಪರದೆ ಪರೀಕ್ಷೆ ಮಾಡಿಸಿಕೊಂಡೇ ಶುರುಮಾಡಿ. ಸಾಮಾನ್ಯ ಥೈರಾಯ್ಡ್ ಕೊರತೆ ಇದಕ್ಕೆ ಅಡ್ಡಿಯಲ್ಲ.

ಮೂರು ತಿಂಗಳು ಇಳಿದ ತೂಕ ಈಗ ನಿಂತುಹೋಗಿದೆ.

ಹಗುರಾದ ದೇಹಕ್ಕೆ ಕಡಿಮೆ ಸಾಕು, ಆದ್ದರಿಂದ ಮೊದಲಿನ ಪಥ್ಯಕ್ಕೆ ಈಗ ಇಳಿಯುವುದಿಲ್ಲ. ಒಂದು ವಾರ ಎಣ್ಣೆಯನ್ನು ಚಮಚದಲ್ಲೇ ಅಳೆಯಿರಿ, ಸಂಜೆಯ ಕುರುಕುಲು ಬರೆದಿಡಿ. ಹೊಸ ಮಾತ್ರೆ ಸೇರಿದೆಯೇ ನೋಡಿ. ಬೆಳಿಗ್ಗೆ ಶೌಚದ ನಂತರ, ಏನೂ ತಿನ್ನದೆ, ಅದೇ ತಕ್ಕಡಿಯಲ್ಲಿ ವಾರಕ್ಕೆ ಒಂದೆರಡು ಸಲ ಮಾತ್ರ ತೂಗಿ. ಮುಟ್ಟಿನ ದಿನಗಳು, ಉಪ್ಪಿನಕಾಯಿ ಹಪ್ಪಳದ ಮದುವೆಯೂಟ ಒಂದೆರಡು ಕಿಲೋ ನೀರನ್ನು ಹಿಡಿದಿಡುತ್ತವೆ. ಸೊಂಟ ಇಳಿಯುತ್ತಿದ್ದರೆ ತಕ್ಕಡಿಯ ಮಾತು ಸದ್ಯಕ್ಕೆ ಬಿಡಿ.

ಯಾವಾಗ ತಡಮಾಡದೆ ಡಾಕ್ಟರ ಬಳಿ ಹೋಗಬೇಕು?

ಮೂರು ದಿನದಲ್ಲಿ ಎರಡು ಕಿಲೋ ಏರಿ, ಕಾಲು ಊದಿ, ಮಲಗಿದರೆ ಉಸಿರು ಕಟ್ಟಿದರೆ ಅದು ಕೊಬ್ಬಲ್ಲ, ನೀರು. ಹೃದಯ ಅಥವಾ ಕಿಡ್ನಿಯ ಸೂಚನೆ. ಅದೇ ದಿನ ಹೋಗಿ. ಯಾವ ಪಥ್ಯವೂ ಇಲ್ಲದೆ ಆರು ತಿಂಗಳಲ್ಲಿ 5 ಶೇಕಡಾ ತೂಕ ತಾನಾಗಿ ಇಳಿದರೂ ಸಂತೋಷಪಡದೆ ಪರೀಕ್ಷೆ ಮಾಡಿಸಿ.

ಡಾಕ್ಟರ ಬಳಿ ಐದೇ ನಿಮಿಷ ಸಿಗುತ್ತದೆ. ಏನು ಕೇಳಲಿ?

ಒಂದು ಹಾಳೆ ಒಯ್ಯಿರಿ. ಎಡಕ್ಕೆ ಎಲ್ಲ ಮಾತ್ರೆಗಳ ಹೆಸರು, ಡೋಸ್, ಶುರುವಾದ ತಿಂಗಳು. ಆಯುರ್ವೇದ, ಹೋಮಿಯೋಪತಿ, ಪುಡಿ ಎಲ್ಲವೂ ಸೇರಲಿ. ಬಲಕ್ಕೆ ಕಳೆದ ಎಂಟು ವಾರದ ತೂಕ, ಲೋ ಆದ ದಿನಗಳು. ಕೆಳಗೆ ಮೂರೇ ಪ್ರಶ್ನೆ: ಇವುಗಳಲ್ಲಿ ಯಾವುದು ತೂಕ ಏರಿಸುತ್ತಿದೆ, ಬದಲಿಸಬಹುದೇ? ನಾನು ಊಟ ಕಡಿಮೆ ಮಾಡಿದರೆ ಯಾವ ಡೋಸ್ ಇಳಿಸಬೇಕು? ಪ್ರೋಟೀನ್, ಉಪ್ಪು, ನೀರಿಗೆ ನನಗೆ ಮಿತಿ ಇದೆಯೇ? ಉತ್ತರವನ್ನು ಅಲ್ಲೇ ಬರೆದುಕೊಳ್ಳಿ, ಅಥವಾ ಜೊತೆಗೆ ಬಂದವರಿಂದ ಬರೆಸಿ.